ಪಕ್ಕದ ಕುರ್ಚಿ

ನನ್ನಂಥವನನ್ನು ತರಬೇತಿಗೆ ಕಳಿಸಬಾರದು. ಕೇಳಿದ್ದನ್ನು ಅಲ್ಲೇ ಬಿಟ್ಟು ಬರುವ ಜಾಣತನ ನನಗಿಲ್ಲ. ಒಮ್ಮೆ ಯೋಗ ಶಿಬಿರಕ್ಕೆ ಹೋಗಿ ಬಂದು ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಹಾಗಲಕಾಯಿ ರಸ ಕುಡಿಸಿದವನು ನಾನು. ಅಂಥವನನ್ನು ನಮ್ಮ ಮಾಲೀಕರು ಮೊಬೈಲ್ ಮೋಸಗಳ ಬಗ್ಗೆ ತಿಳಿದು ಬಾ ಎಂದು ನವನಗರಕ್ಕೆ ಕಳಿಸಿದರು. "ಕಳ್ಳ ಹೊರಗಿನಿಂದಲೇ ಬರಬೇಕಿಲ್ಲ, ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿರಬಹುದು" ಎಂದರು ಅಲ್ಲಿಯವರು. ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ದಾದಾಪೀರನದು.

ನಾವಿಬ್ಬರೂ ಶಾಲೆಯಿಂದಲೇ ಗೆಳೆಯರು. ಅವನ ಡಬ್ಬಿಯ ಶೇಂಗಾ ಚಟ್ನಿ ನನ್ನ ರೊಟ್ಟಿಗೆ, ನನ್ನ ಡಬ್ಬಿಯ ಪುಂಡಿಪಲ್ಯ ಅವನ ರೊಟ್ಟಿಗೆ. ಗಿರಾಕಿಗಳ ಆರ್ಡರ್ ಬರುವ ಆಫೀಸ್ ಫೋನಿನ ಲಾಕ್ ನಂಬರೂ ಹಾಗೆಯೇ ಇಬ್ಬರದೂ ಆಗಿತ್ತು. ತರಬೇತಿಯಿಂದ ಬಂದವನೇ ಅದನ್ನು ಬದಲಿಸಿದೆ. ಅವನ ಮೇಲೊಂದು ಕಣ್ಣಿರಲಿ ಎಂದು ಮಾಲೀಕರ ಕಿವಿಗೂ ಹಾಕಿದೆ. ನಾನು ಅಂಗೈ ಮರೆ ಮಾಡಿ ನಂಬರ್ ಒತ್ತುವುದನ್ನು ಕಂಡು ದಾದಾಪೀರ, "ಏನ್ಲೇ ಸಂಗ್ಯಾ, ನನ್ನ ಮುಂದೂ ಮುಚ್ಚತೀಯೇನ?" ಎಂದ. "ರೂಲ್ಸ್ ಐತಿ" ಎಂದೆ. ಅವನ ಮುಖ ಸಣ್ಣದಾಯಿತು. ಅಂದಿನಿಂದ ನಾನು ಫೋನ್ ಎತ್ತಿಕೊಂಡರೆ ಸಾಕು, "ಒತ್ರಿ ಸರ, ನಾ ಈ ಕಡೆ ನೋಡ್ತೇನಿ" ಎಂದು ಕುರ್ಚಿಯನ್ನು ಗೋಡೆಗೆ ತಿರುಗಿಸುತ್ತಿದ್ದ. 'ಲೇ' ಹೋಗಿ 'ರಿ' ಬಂತು. ಊಟಕ್ಕೂ ಮನೆಗೆ ಹೋಗತೊಡಗಿದ. ನಾನೋ, ಭದ್ರತೆ ಹೆಚ್ಚಾಯಿತೆಂದು ಬೀಗಿದೆ.

ಹೀಗಿರುವಾಗ ಆ ಫೋನಿಗೆ ಒಂದು ಮದುವೆ ಕರೆಯೋಲೆ ಬಂತು. ವರ ಯಾರೋ, ವಧು ಯಾರೋ. ಮದುವೆಗೆ ಕರೆದವರನ್ನು ನೀವು ಯಾರು ಎಂದು ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ. ತೆರೆಯಬೇಕಾದರೆ ಏನನ್ನೋ ಇನ್‌ಸ್ಟಾಲ್ ಮಾಡು ಎಂದಿತು, ಮಾಡಿದೆ. ಸಂಜೆಯೊಳಗೆ ಅದೇ ಮೋಸದ ಕರೆಯೋಲೆ ನಮ್ಮ ನಂಬರಿನಿಂದ ತಾನಾಗಿಯೇ ಗಿರಾಕಿಗಳಿಗೆಲ್ಲ ಹೋಗಿ, ಕೆರೂರಿನ ಅಜ್ಜಿಯೊಬ್ಬರು ಮದುವೆ ಯಾವ ಮಂಟಪದಾಗ ಎಂದು ವಿಚಾರಿಸಿದರು.

ಓಡಿ ಬಂದ ಮಾಲೀಕರು ಮೊದಲು ನೋಡಿದ್ದು ದಾದಾಪೀರನನ್ನು. "ಈ ಫೋನಿನ ಲಾಕ್ ಯಾರ್ಯಾರಿಗೆ ಗೊತ್ತೈತಿ?"

"ನನಗೊಬ್ಬಗ ಗೊತ್ರಿ" ಎಂದೆ, ಹೆಮ್ಮೆಯಿಂದ. ಹೇಳಿ ಮುಗಿಸಿದ ಮೇಲೆ ಅದರ ಅರ್ಥ ನನಗೇ ತಿಳಿಯಿತು.

ಈಗ ಫೋನ್ ದಾದಾಪೀರನ ಬಳಿ ಇದೆ. ನಂಬರ್ ಒತ್ತುವಾಗ ಅವನು ಕೈ ಮರೆ ಮಾಡುವುದಿಲ್ಲ, ನಾನೇ ಗೋಡೆಗೆ ತಿರುಗುತ್ತೇನೆ. ಅಲ್ಲಿ ಒಂದು ಮೊಳೆ ಬಿಟ್ಟರೆ ನೋಡಲು ಏನೂ ಇಲ್ಲ. "ಆತ್ರಿ ಸರ, ತಿರುಗ್ರಿ" ಎನ್ನುತ್ತಾನೆ. ಆ 'ರಿ' ಕೇಳಲಾರದೆ ಒಂದು ದಿನ, ತಪ್ಪಾತೋ ಮಾರಾಯಾ ಎಂದೆ. "ರೂಲ್ಸ್ ಐತಲ್ರಿ" ಎಂದು ನಕ್ಕು ಊಟಕ್ಕೆ ಮನೆಗೆ ಹೋದ. ತರಬೇತಿಯವರು ಸುಳ್ಳು ಹೇಳಿರಲಿಲ್ಲ. ಆದರೆ ದಾದಾಪೀರನಿಗೂ ಒಂದು ಪಕ್ಕದ ಕುರ್ಚಿ ಇದೆ, ಅದರಲ್ಲಿ ಯಾರು ಕೂತಿದ್ದಾರೆಂದು ನಾನು ಒಮ್ಮೆಯೂ ನೋಡಿಕೊಂಡಿರಲಿಲ್ಲ.