ನಿಮ್ಮದೇ ನಾಯಿ, ಸ್ವಾಮಿ

ಹಾಲಿನವನು ಹಾಲಿಗೆ ನೀರು ಬೆರೆಸುತ್ತಾನೆ ಅನ್ನುವ ಅನುಮಾನ ಎಲ್ಲರಿಗೂ ಇರುತ್ತದೆ. ನಮ್ಮ ಕನ್ನಡಕದಂಗಡಿಯವನಿಗೆ ಮಾತ್ರ ಆ ನೀರಿನಲ್ಲೂ ಇನ್ನೇನೋ ಬೆರೆತಿದೆ ಅಂತ ಅನುಮಾನ. ಅಂಥವನ ಶರ್ಟುಗಳು ಎರಡು ತಿಂಗಳಿಂದ ಒಂದೊಂದಾಗಿ ಮಾಯವಾಗುತ್ತಿದ್ದರೆ ಅವನ ಪಾಡು ಹೇಗಿರಬೇಡ ಹೇಳಿ! ಅದೂ ತಂತಿಯ ಮೇಲೆ ಒಣಗುತ್ತಿದ್ದ ಒಗೆದ ಶರ್ಟುಗಳಲ್ಲ. ಹಿತ್ತಲ ಬಾಗಿಲಲ್ಲಿ ಬುಟ್ಟಿಗೆ ಹಾಕಿಟ್ಟ ಕೊಳೆ ಶರ್ಟುಗಳು.

"ಆ ಕಳ್ಳನಿಗೆ ಮೂಗಿಲ್ಲ ಅನ್ಸುತ್ತೆ ರೀ," ಅಂತ ಹೆಂಡತಿ ನಕ್ಕುಬಿಟ್ಟಳು. ಅವನು ನಗಲಿಲ್ಲ. ಎದುರುಮನೆಯ ಇನ್ಷೂರೆನ್ಸ್ ಏಜೆಂಟು ಬೀದಿಗಿಳಿದಾಗೆಲ್ಲ ಅವನ ಮೈಮೇಲಿನ ಶರ್ಟಿನ ಗುಂಡಿಗಳನ್ನು ಕಣ್ಣಲ್ಲೇ ಪರೀಕ್ಷೆ ಮಾಡುತ್ತಿದ್ದ.

ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ, ಇವನ ಚಪ್ಪಲಿಯ ಮೇಲೆ ತಲೆಯಿಟ್ಟು ಒಂದು ನಾಯಿ ಮಲಗಿದೆ! ಮೈ ಬೆಂಚಿನಷ್ಟು ಉದ್ದ, ಕಾಲು ಮಾತ್ರ ಗೇಣುದ್ದ. ಒಂದು ಕಿವಿ ನಿಂತಿತ್ತು, ಇನ್ನೊಂದು ಜೋತುಬಿದ್ದಿತ್ತು. ಇವನನ್ನು ಕಂಡಿದ್ದೇ ತಡ, ಎಷ್ಟೋ ವರ್ಷದ ನೆಂಟನ ಹಾಗೆ ಎದ್ದು ಬಂದು ಕಾಲಿಗೆ ಮೈ ಉಜ್ಜಿತು.

"ಬೀಗಲ್ ಅಲ್ವಾ ಸಾರ್? ಬೆಲೆಬಾಳೋ ನಾಯಿ! ಯಾವಾಗ ತಂದ್ರಿ?" ಏಜೆಂಟು ಗೇಟಿನ ಹತ್ತಿರವೇ ಹಾಜರು.

"ನಾನ್ಯಾಕ್ರೀ ತರ್ಲಿ?"

"ಹಾಗೇ ಹೇಳಿ ಸಾರ್. ನಾವೇನು ಓನರ್‌ಗೆ ಹೇಳಕ್ಕೆ ಹೋಗ್ತೀವಾ?" ಅಂದ, ಮಹಡಿಯ ಮೇಲಿನ ಓನರ್‌ಗೆ ಚೆನ್ನಾಗಿ ಕೇಳುವ ಹಾಗೆ.

ಬಾಲ್ಕನಿಗೆ ಓನರ್ ಬಂದರು. ಹಿಂದೆಯೇ ಓನರಮ್ಮ, ಸೊಂಟದ ಮೇಲೆ ಕೈಯಿಟ್ಟುಕೊಂಡು. ಆ ಮನೆಯ ಬಾಡಿಗೆ ಕಾಗದದಲ್ಲಿ ಓನರ್ ಹೆಸರಿದ್ದರೂ ಕಾನೂನೆಲ್ಲ ಆಕೆಯದೇ.

"ಏನ್ರೀ! ನಾಯಿ ಸಾಕೋ ಹಾಗಿಲ್ಲ ಅಂತ ಮನೆ ಕೊಡುವಾಗ್ಲೇ ಹೇಳಿರ್ಲಿಲ್ವಾ? ಸಂಜೆಯೊಳಗೆ ಅದು ಹೋಗ್ಬೇಕು. ಇಲ್ಲ ನೀವು ಹೋಗ್ಬೇಕು!" ಅಂತ ಓನರ್ ಗುಡುಗಿ, ಸರಿಯಾಯಿತೋ ಇಲ್ಲವೋ ಅಂತ ಹಿಂದೆ ತಿರುಗಿ ಹೆಂಡತಿಯ ಮುಖ ನೋಡಿದರು. ನಾಯಿ ಬಾಲ್ಕನಿಯ ಕಡೆ ಕತ್ತೆತ್ತಿ ಜೋರಾಗಿ ಬಾಲ ಅಲ್ಲಾಡಿಸಿತು. ಬೈಗುಳಕ್ಕೆ ಬಾಲ ಆಡಿಸುವ ನಾಯಿಯನ್ನು ಅವನು ನೋಡಿದ್ದು ಅದೇ ಮೊದಲು.

"ಮಗಳ ಸ್ಕೂಲು ಮೂಲೆಯಲ್ಲೇ ಇದೆ, ನಿಮ್ಮ ಅಂಗಡಿಗೆ ಎರಡು ಹೆಜ್ಜೆ. ಇಂಥ ಮನೆ ಇನ್ನೆಲ್ಲಿ ಸಿಗುತ್ತೆ?" ಅಂದಳು ಹೆಂಡತಿ. "ಮೊದಲು ಇದನ್ನ ಬಿಟ್ಟು ಬನ್ನಿ ರೀ."

ಸ್ಕೂಟರ್ ತೆಗೆದದ್ದೇ, ಯಾರೂ ಕರೆಯದೆ ನಾಯಿ ಮುಂದೆ ಹತ್ತಿ ಕೂತಿತು. "ಅಭ್ಯಾಸ ಇದೆ ಪಾಪ," ಅಂದ ಏಜೆಂಟು.

ನಾಯಿಗಳ ಆಶ್ರಯಧಾಮ ಇದ್ದದ್ದು ಮುಚ್ಚಿಹೋದ ಒಂದು ಮರದ ಡಿಪೋದಲ್ಲಿ. ಅಲ್ಲಿ ದುಡಿಯುವವರೆಲ್ಲ ಸ್ವಯಂಸೇವಕರು. ಸಂಬಳವಿಲ್ಲದ ಕೆಲಸ, ಹಾಗಾಗಿ ದರ್ಪ ಸ್ವಲ್ಪ ಜಾಸ್ತಿ. ರಿಟೈರಾದ ಲೆಕ್ಕದ ಟೀಚರ್ ಒಬ್ಬರು ಬಟ್ಟಲು ತೊಳೆಯುತ್ತಿದ್ದರು. ಗ್ಯಾರೇಜಿನ ಮೆಕ್ಯಾನಿಕ್ ಒಬ್ಬ ಮುದಿ ನಾಯಿಯೊಂದರ ಉಗುರು ಕತ್ತರಿಸುತ್ತಿದ್ದ.

"ಎಲ್ಲಿ ಸಿಕ್ತು?" ಟೀಚರ್ ಕೇಳಿದರು.

"ಬೆಳಗ್ಗೆ ಮನೆ ಮೆಟ್ಟಿಲ ಮೇಲೆ ಮಲಗಿತ್ತು ಮೇಡಂ."

ಟೀಚರ್ ಮೆಕ್ಯಾನಿಕ್ಕಿನ ಮುಖ ನೋಡಿದರು. "ಈ ವಾರಕ್ಕೆ ಇದು ನಾಲ್ಕನೇ ಮೆಟ್ಟಿಲಿನ ಕಥೆ ಮೇಡಂ," ಅಂದ ಅವನು.

ಒಳ್ಳೆ ಜಾತಿಯದು ಅಂದರೆ ಬೇಗ ಇಟ್ಟುಕೊಂಡಾರು ಅಂತ ಇವನು ಬಾಯಿಬಿಟ್ಟ. "ಬೀಗಲ್ ಮೇಡಂ, ತುಂಬಾ ಬೆಲೆಬಾಳುತ್ತೆ."

"ಓಹೋ! ಬೆಳಗ್ಗೆ ಸಿಕ್ಕಿದ ನಾಯಿಯ ತಳಿ, ಬೆಲೆ ಎಲ್ಲಾ ಇಷ್ಟು ಬೇಗ ಗೊತ್ತಾಗೋಯ್ತಾ?"

ಮೆಕ್ಯಾನಿಕ್ ನೆಲಕ್ಕೆ ಕೂತು ನಾಯಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದ. "ಯಾವ ಬೀಗಲ್ಲೂ ಅಲ್ಲ. ಬಾಡಿ ಲ್ಯಾಬ್ರಡಾರ್, ಚಾಸಿ ಡ್ಯಾಶ್‌ಹಂಡ್, ಕಿವಿ ಎರಡೂ ಬೇರೆ ಬೇರೆ ಗಾಡೀದು. ಆದ್ರೆ ಚೆನ್ನಾಗಿ ಮೇಂಟೇನ್ ಮಾಡಿದಾರೆ. ಇದು ಬೀದಿ ನಾಯಿ ಅಂತೂ ಅಲ್ಲ."

ರಾಜ, ಟೈಗರ್, ಟಾಮಿ ಅಂತ ಕರೆದು ನೋಡಿದರು. ನಾಯಿ ಯಾವುದಕ್ಕೂ ತಿರುಗಲಿಲ್ಲ, ಕನ್ನಡಕದವನನ್ನೇ ನೋಡುತ್ತ ಕೂತಿತ್ತು.

"ಸರಿ, ಗೇಟು ಪರೀಕ್ಷೆ ಆಗ್ಲಿ," ಅಂದರು ಟೀಚರ್. "ಹಿಂದೆ ತಿರುಗಿ ನೋಡದೆ ಗೇಟಿನಾಚೆ ಹೋಗಿ. ನಾಯಿ ಸುಮ್ಮನಿದ್ರೆ ನಮ್ಮದು. ಅತ್ತರೆ ನಿಮ್ಮದು."

ಅವನು ಎದೆ ಸೆಟೆಸಿ ಹೊರಟ. ಗೇಟು ದಾಟಿದ್ದೇ ತಡ, ಹಿಂದಿನಿಂದ ಒಂದು ಗೋಳು ಎದ್ದಿತು ನೋಡಿ, ಅಬ್ಬಬ್ಬಾ! ಡಿಪೋದ ನಾಯಿಗಳೆಲ್ಲ ಅದಕ್ಕೆ ದನಿಗೂಡಿಸಿದವು. ಆ ಗಿಡ್ಡ ಕಾಲಿನ ಪುಣ್ಯ, ನಾಯಿ ಗೇಟಿನ ಸಂದಿಯಲ್ಲಿ ನುಸುಳಿ ಬಂದು ಅವನ ಪಾದದ ಮೇಲೆ ಕೂತುಬಿಟ್ಟಿತು.

"ನಾಚಿಕೆ ಆಗಲ್ವೇನ್ರೀ ನಿಮಗೆ?" ಟೀಚರ್ ಕಣ್ಣಲ್ಲಿ ನೀರು.

"ದೇವರಾಣೆ ನನ್ನದಲ್ಲ! ಬೇಕಾದ್ರೆ ನಮ್ಮ ಓನರ್‌ನೇ ಕೇಳಿ!" ಅಂತ ಅವನೇ ನಂಬರು ಕೊಟ್ಟ. ಬೆಳಗ್ಗೆ ಅಷ್ಟು ಬೈದವರು ನಾಯಿ ತೊಲಗಿದರೆ ಸಾಕು ಅನ್ನದೆ ಇರುತ್ತಾರೆಯೇ?

ಟೀಚರ್ ಎಲ್ಲರಿಗೂ ಕೇಳುವ ಹಾಗೆ ಫೋನ್ ಹಿಡಿದರು. ಆ ಕಡೆಯಿಂದ ಓನರ್ ತಗ್ಗಿದ ದನಿಯಲ್ಲಿ, "ಅವರದೇ ಮೇಡಂ. ಎರಡು ತಿಂಗಳಿಂದ ಸಾಕ್ತಿದಾರೆ. ದಯವಿಟ್ಟು ಅಲ್ಲಿ ಸೇರಿಸ್ಕೋಬೇಡಿ, ವಾಪಸ್ ಕಳಿಸಿ. ಬೆಳಗ್ಗೆಯಿಂದ ಏನೂ ತಿಂದಿರಲ್ಲ ಅದು," ಅಂದರು.

ಕನ್ನಡಕದವನಿಗೆ ನಿಂತಲ್ಲೇ ಎಲ್ಲ ಅರ್ಥವಾಗಿಹೋಯಿತು. ಇದು ಮನೆ ಖಾಲಿ ಮಾಡಿಸುವ ಸಂಚು! ನಾಯಿಯನ್ನು ಮೆಟ್ಟಿಲ ಮೇಲೆ ಬಿಟ್ಟವನು ಏಜೆಂಟು, ಬಿಡಿಸಿದವರು ಓನರ್, ಶರ್ಟುಗಳು ಬಹುಶಃ ಏಜೆಂಟಿನ ಕಮಿಷನ್ನು. ಆದರೆ ಅದನ್ನೆಲ್ಲ ಕೇಳುವವರು ಯಾರು? ಟೀಚರ್ ಅವನಿಂದ ಕಿವಿ ಹಿಡಿಸಿ, ನಾಯಿಗೆ ಮೂರು ಸಲ ಸಾರಿ ಹೇಳಿಸಿದರು. ನಾಯಿ ಅವನ ಮೂಗು ನೆಕ್ಕಿ ಕ್ಷಮಿಸಿತು. "ಪ್ರತಿ ಭಾನುವಾರ ಮನೆಗೆ ಬಂದು ನೋಡ್ತೀವಿ," ಅಂದ ಮೆಕ್ಯಾನಿಕ್.

ಸಂಜೆ ಅವನು ಬೆವರಿಳಿಸಿಕೊಂಡು ಮನೆಗೆ ಬಂದಾಗ ಓನರ್ ಎಂದಿನಂತೆ ಹಿತ್ತಲ ಪಂಪಿನ ಕೋಣೆಯಲ್ಲಿದ್ದರು. ಇವತ್ತು ಎರಡರಲ್ಲಿ ಒಂದು ಆಗೇ ಹೋಗಲಿ ಅಂತ ಅವನು ನಾಯಿಯ ಸಮೇತ ಒಳಗೆ ನುಗ್ಗಿದ.

ಬಾಯಿ ತೆರೆಯುವಷ್ಟರಲ್ಲಿ ಓನರ್ ದೊಪ್ಪನೆ ನೆಲಕ್ಕೆ ಕೂತರು. "ಬಂಗಾರ! ಬಂದ್ಯಾ ನನ್ನ ಬಂಗಾರ!"

ಯಾವ ಹೆಸರಿಗೂ ಕಿವಿ ಅಲ್ಲಾಡಿಸದ ನಾಯಿ ಹಾರಿ ಅವರ ತೊಡೆಯೇರಿತು. ಮೂಲೆಯಲ್ಲಿ ಹಾಲಿನ ಬಟ್ಟಲು, ಬಿಸ್ಕತ್ತಿನ ಪೊಟ್ಟಣ. ಪಕ್ಕದಲ್ಲಿ ಒಂದು ಮೆತ್ತನೆಯ ಹಾಸಿಗೆ. ನೀಲಿ, ಬಿಳಿ, ಚೌಕಳಿ... ಎಲ್ಲ ಇವನ ಶರ್ಟುಗಳೇ.

"ಮೆಲ್ಲಗೆ ಮಾತಾಡಿ ರೀ! ಅವಳಿಗೆ ಗೊತ್ತಾದ್ರೆ ನಾನೇ ಮನೆ ಖಾಲಿ ಮಾಡ್ಬೇಕಾಗುತ್ತೆ."

"ಅದಕ್ಕೆ ನನ್ನ ಶರ್ಟೇ ಬೇಕಿತ್ತಾ?"

"ನನ್ನ ಶರ್ಟು ಅವಳು ಎಣಿಸಿ ಒಗೀತಾಳೆ ಕಣ್ರೀ. ನಿಮ್ಮ ಬುಟ್ಟಿ ಬಾಗಿಲಲ್ಲೇ ಇರ್ತಿತ್ತು. ನಿನ್ನೆ ಈ ಕೋಣೆ ಚಿಲಕ ಹಾಕೋದು ಮರೆತೆ. ಪಾಪ, ನಿಮ್ಮ ವಾಸನೆ ಹುಡುಕ್ಕೊಂಡು ಬಂದಿದೆ." ಓನರ್ ಅವನ ಕೈ ಹಿಡಿದುಕೊಂಡರು. "ಈಗಂತೂ ಎಲ್ಲರ ಪಾಲಿಗೂ ಇದು ನಿಮ್ಮ ನಾಯಿ. ಹಾಗೇ ಇರ್ಲಿ. ನಿಮ್ಮ ಮೆಟ್ಟಿಲ ಕೆಳಗೆ ಮಲಗಲಿ. ನಾನು ದಿನಾ ಬಾಲ್ಕನಿಯಲ್ಲಿ ನಿಂತು ನಿಮಗೆ ಬೈತೀನಿ, ನೀವು ತಲೆ ತಗ್ಗಿಸ್ಕೊಂಡು ನಿಂತ್ಕೊಳ್ಳಿ. ಅಷ್ಟು ಮಾಡಿದ್ರೆ ಮನೆ ನಿಮ್ಮದೇ. ನಿಮ್ಮವರಿಗೂ ಹೇಳ್ಬೇಡಿ, ನಾಳೆ ಮಧ್ಯಾಹ್ನಕ್ಕೆಲ್ಲ ಸುದ್ದಿ ಮಹಡಿಗೆ ಬಂದಿರುತ್ತೆ."

ಅವನು ಮಗಳ ಸ್ಕೂಲನ್ನು ನೆನೆದು ಒಪ್ಪಿಕೊಂಡ.

"ಇನ್ನೊಂದು ಮಾತು," ಅಂದರು ಓನರ್. "ಆ ಶರ್ಟು ಬಿಚ್ಚಿ ಕೊಟ್ಟುಬಿಡಿ. ದಿನವೆಲ್ಲ ಬೆವರಿದೀರಿ, ಅದಕ್ಕೆ ಒಳ್ಳೇ ನಿದ್ದೆ ಬರುತ್ತೆ."

ಅವನು ಬನಿಯನ್ನಿನಲ್ಲಿ ಕೂತು ಮೆಟ್ಟಿಲ ಕೆಳಗೆ ಹಾಸಿಗೆ ಹಾಸುತ್ತಿರುವಾಗ ಹೆಂಡತಿ ಬಾಗಿಲಿಗೆ ಬಂದಳು. ನಾಯಿಯನ್ನು ನೋಡಿದಳು. ಶರ್ಟುಗಳನ್ನು ಒಂದೊಂದಾಗಿ ಗುರುತು ಹಿಡಿದಳು. ಕೊನೆಗೆ ಬನಿಯನ್ ನೋಡಿದಳು.

"ಕಳ್ಳ ಕಳ್ಳ ಅಂತ ಎರಡು ತಿಂಗಳು ಬೀದಿಯವರನ್ನೆಲ್ಲ ಬೈದ್ರಲ್ಲ ರೀ! ನಿಮ್ಮ ಶರ್ಟು ನೀವೇ ಕದೀತಿದ್ರಾ?"

ಎದುರುಮನೆಯ ಏಜೆಂಟು ಕಿಟಕಿ ತೆರೆದ. ಮೇಲಿನಿಂದ, "ಏನ್ರೀ! ಇನ್ನೂ ಇಲ್ಲೇ ಇದೆಯಾ ಆ ನಾಯಿ?" ಅಂತ ಗುಡುಗು ಕೇಳಿತು. ನಾಯಿ ಬಾಲ ಆಡಿಸಿತು.

ಕನ್ನಡಕದವನು ಎದ್ದು ನಿಂತು ತಲೆ ತಗ್ಗಿಸಿದ.

"ಹೂಂ ಕಣೇ," ಅಂದ. "ನಾನೇ."