ಪರಾಮರ್ಶನ ವಿಭಾಗದ ರೈಫಲ್

ಪೆನ್ಸಿಲ್ವೇನಿಯದ ಗುಡ್ಡಗಾಡಿನ ಹಾರ್ನ್‌ಬೆಕ್ ಊರಿನಲ್ಲಿ ಬಂದೂಕಿಲ್ಲದ ವಯಸ್ಕರ ಒಟ್ಟು ಸಂಖ್ಯೆ ಒಂದು. ಪಂಚಾಯಿತಿಯ ವಾರ್ಷಿಕ ವರದಿಯಲ್ಲಿ ಇದು ‘ದುರಸ್ತಿಯಾಗಬೇಕಾದ ಸೇತುವೆಗಳು’ ಎಂಬ ಶೀರ್ಷಿಕೆಯಡಿ ದಾಖಲಾಗಿದೆ.

ಆ ಒಬ್ಬಳು ಬಾಸ್ಟನ್ನಿನಿಂದ ಬಂದ ಗ್ರಂಥಪಾಲಕಿ ಲೊರೇನ್ ಪೆಟ್ಟಿಬೋನ್. ಆಕೆಗೆ ಬಂದೂಕಿಗಿಂತ ದೊಡ್ಡ ಚಿಂತೆಯಿತ್ತು. ಜಿಂಕೆ ಬೇಟೆ ಆರಂಭವಾಗುವ ಸೋಮವಾರ, ಅಂದರೆ ಶಾಲೆಗೂ ಕಚೇರಿಗೂ ಹಲ್ಲಿನ ಡಾಕ್ಟರಿಗೂ ರಜೆಯಿರುವ ಆ ಪುಣ್ಯದಿನದೊಳಗೆ, ನಲವತ್ತು ಸದಸ್ಯರಾಗದಿದ್ದರೆ ಗ್ರಂಥಾಲಯಕ್ಕೆ ಬೀಗವೆಂದು ಪಂಚಾಯಿತಿ ತೀರ್ಮಾನಿಸಿತ್ತು. ಇದ್ದವರು ಹನ್ನೊಂದು ಮಂದಿ. ಅವರಲ್ಲಿ ಮೂವರು ತೀರಿಕೊಂಡಿದ್ದರು. ಲೊರೇನ್‌ಗೆ ಅಳುವೇ ಬರುತ್ತಿತ್ತು. ಪುಸ್ತಕಗಳನ್ನು ಬಿಟ್ಟರೆ ಆಕೆಗೆ ಈ ಊರಿನಲ್ಲಿ ಬೇರೆ ನೆಂಟರಿರಲಿಲ್ಲ.

ಊರವರ ಮನ ಗೆಲ್ಲಲೆಂದು ಅಗ್ನಿಶಾಮಕ ದಳದ ಔತಣಕ್ಕೆ ಹೋಗಿ ಲಾಟರಿ ಚೀಟಿಯೊಂದನ್ನು ಕೊಂಡಳು. ಬೆಂಕಿ ಆರಿಸುವ ಲಾರಿಯ ಟೈರಿಗೆ ಹಣ ಕೂಡಿಸಲು ನಡೆಯುವ ಲಾಟರಿ. ಬಹುಮಾನ ಪ್ರತಿವರ್ಷವೂ ಬಂದೂಕೇ. ದಳದ ಮುಖ್ಯಸ್ಥ ಡೆಲ್ಮರ್ ಕ್ರೈಡರ್ ಚೀಟಿ ಎತ್ತಿದ. ಮೊದಲ ಬಹುಮಾನ ಲೊರೇನ್‌ಗೆ ಬಂತು.

“ಬೇಡಪ್ಪಾ, ನೀವೇ ಇಟ್ಕೊಳ್ಳಿ,” ಎಂದಳು.

ಇನ್ನೂರು ಚಮಚಗಳು ಒಟ್ಟಿಗೆ ನಿಂತವು. ಕಾಕಂಬಿ ಪೈ ಬಾಯಲ್ಲಿದ್ದವರು ಅಗಿಯುವುದನ್ನು ಮರೆತರು.

ಡೆಲ್ಮರ್ ಪಿಸುಗುಟ್ಟಿದ: “ಅಮ್ಮಾ, ಇಲ್ಲಿ ಗಂಡ ಬೇಡ ಅಂದ್ರೂ ಜನ ಸುಮ್ನಿರ್ತಾರೆ. ರೈಫಲ್ ಬೇಡ ಅಂದ್ರೆ ಚರ್ಚಲ್ಲಿ ಪ್ರಾರ್ಥನೆ ಮಾಡಿಸ್ತಾರೆ.”

“ನಮ್ಮೂರಲ್ಲಿ ಇದನ್ನ ಮನೇಲಿ ಇಟ್ರೆ ಮಾಡಿಸ್ತಾರೆ!”

“ಅಂಥಾ ಊರಲ್ಲಿ ಹೆಂಗಮ್ಮಾ ಬದುಕಿದ್ರಿ?” ಎಂದ ಡೆಲ್ಮರ್, ನಿಜವಾದ ಕನಿಕರದಿಂದ.

ಬಹುಮಾನ ಹಿಂದಿರುಗಿಸಲು ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ; ಅಂಥ ಮನುಷ್ಯರು ಇರಬಹುದೆಂದು ಬರೆದವರಿಗೆ ಹೊಳೆದಿರಲಿಲ್ಲ. ಲೊರೇನ್‌ಳ ಹಿನ್ನೆಲೆಯ ಸರ್ಕಾರಿ ತಪಾಸಣೆ ಮುಗಿದು ರೈಫಲ್ ಗ್ರಂಥಾಲಯ ಸೇರಿತು. ಹೊಸ ವಸ್ತು ಕೈಗೆ ಬಂದರೆ ಗ್ರಂಥಪಾಲಕಿಗೆ ಗೊತ್ತಿರುವುದು ಒಂದೇ ಕೆಲಸ. ಲೊರೇನ್ ಅದಕ್ಕೆ ಮೊಹರು ಒತ್ತಿ, ಹಿಡಿಗೆ ಕಾರ್ಡಿನ ಲಕೋಟೆ ಅಂಟಿಸಿ, ಬಾಗಿಲಿಗೆ ಪ್ರಕಟಣೆ ತಗುಲಿಹಾಕಿದಳು:

“ಈ ಮೂಲಕ ತಿಳಿಸುವುದೇನೆಂದರೆ, ಬೇಟೆ ವಿಭಾಗದ ವರ್ಗಸಂಖ್ಯೆ 799ರ ರೈಫಲ್ ಪರಾಮರ್ಶನಕ್ಕೆ ಮಾತ್ರ, ಹೊರಗೆ ಒಯ್ಯುವಂತಿಲ್ಲ. ಮುಟ್ಟಬಯಸುವವರು ಸದಸ್ಯರಾಗಿ, ಅರ್ಧ ಗಂಟೆ ಮೌನವಾಗಿ ಪುಸ್ತಕ ಓದಿರತಕ್ಕದ್ದು. ಗುಂಡುಗಳನ್ನು ಒದ್ದೆ ಕೊಡೆಗಳ ಪಕ್ಕದಲ್ಲಿ ಬಿಡತಕ್ಕದ್ದು.”

ಮನೆಯಲ್ಲಿ ಒಂಬತ್ತು ರೈಫಲ್ ಇದ್ದವರೂ ಹತ್ತನೆಯದನ್ನು ಮುಟ್ಟಲು ಸಾಲುಗಟ್ಟಿದರು. ಶುಕ್ರವಾರದ ಹೊತ್ತಿಗೆ ಸದಸ್ಯರು ಮುನ್ನೂರ ಹನ್ನೆರಡು. ಡೆಲ್ಮರ್ ಪ್ರೇಮ ಕಾದಂಬರಿಯೊಂದನ್ನು ಹಿಡಿದು ಕೂತಿದ್ದ. ಸರದಿ ಬಂತೆಂದು ಕರೆದರೆ ಕಣ್ಣೊರೆಸಿಕೊಂಡು, “ಸುಮ್ನಿರ್ರೋ! ಕಥೇಲಿ ಹುಡುಗಿ ಕಾಗದ ಒಡೀತಾವ್ಳೆ,” ಎಂದು ಗದರಿದ.

ಗ್ರಂಥಾಲಯ ಉಳಿಯಿತು. ಸಂತುಷ್ಟಗೊಂಡ ಪಂಚಾಯಿತಿ ಮುಂದಿನ ವರ್ಷದ ಪುಸ್ತಕ ಅನುದಾನದಲ್ಲಿ ಇನ್ನೂ ಆರು ರೈಫಲ್ ಮಂಜೂರು ಮಾಡಿತು. ಲೊರೇನ್ ಅವುಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿ ಮಂಗಳವಾರ ಎಣ್ಣೆ ಹಾಕಿ ಒರೆಸತೊಡಗಿದಳು. ಮೊದಮೊದಲು ಕೈಗವಸು ಹಾಕಿಕೊಳ್ಳುತ್ತಿದ್ದಳು.

ಮುಂದಿನ ಔತಣದಲ್ಲಿ ಮೊದಲ ಬಹುಮಾನ ಬಂದದ್ದು ಬಾಸ್ಟನ್ನಿನಿಂದ ಬಂದ ಹೊಸ ಸಂಗೀತ ಟೀಚರಿಗೆ. “ಅಯ್ಯೋ, ನಂಗೆ ಬೇಡಪ್ಪಾ,” ಎಂದಳು ಆಕೆ.

ಮೊದಲು ನಿಂತದ್ದು ಲೊರೇನ್‌ಳ ಚಮಚ.

“ಪಾಪ, ಮನೇಲಿ ಏನೂ ಕಲಿಸಿಲ್ಲ ಅನ್ಸುತ್ತೆ,” ಎಂದು ಡೆಲ್ಮರ್‌ನ ಕಿವಿಯಲ್ಲಿ ಹೇಳಿದಳು. ದುರಸ್ತಿಯಾಗಬೇಕಾದ ಸೇತುವೆಗಳ ಪಟ್ಟಿಗೆ ಒಂದು ಹೆಸರು ಸೇರಿಸಬೇಕೆಂದು ಎದ್ದು ನಿಂತು ಸೂಚಿಸಿದವಳೂ ಆಕೆಯೇ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.