ಮಾವನ ಐದನೆಯ ಚಕ್ರ

ನಮ್ಮ ಸೋದರಮಾವನಿಗೆ ಆರು ಮಕ್ಕಳು. ಒಬ್ಬಳು ಮಗಳು, ಮದುವೆಯಾಗಿ ಹಾಸನದಲ್ಲಿದ್ದಾಳೆ. ಉಳಿದ ಐದು ರಬ್ಬರಿನವು! ಹೀಗೆ ಹೇಳಿದ್ದು ನಾನಲ್ಲ, ಅವರನ್ನು ನಲವತ್ತು ವರ್ಷದಿಂದ ಸಹಿಸಿಕೊಂಡು ಬಂದಿರುವ ನಮ್ಮ ಅತ್ತೆ. ಈ ಐದರಲ್ಲಿ ನಾಲ್ಕು ಬಿಸಿಲು ಮಳೆ ಎನ್ನದೆ ದುಡಿಯುತ್ತವೆ. ಐದನೆಯದು ಕೂತು ತಿನ್ನುತ್ತದೆ. ಮಾವನ ಮುದ್ದೆಲ್ಲ ಆ ಕೂತು ತಿನ್ನುವುದಕ್ಕೇ.

ನಾನು ಹೇಳುತ್ತಿರುವುದು ಮಾವನ ಹಳೇ ವ್ಯಾನಿನ ಚಕ್ರಗಳ ವಿಚಾರ. ವ್ಯಾನಿಗೆ ಇಪ್ಪತ್ತು ವರ್ಷ ದಾಟಿದೆ, ಮಾವ ಅದನ್ನು ಕೊಂಡು ಹನ್ನೆರಡು, ಮಾವನಿಗೆ ಅರವತ್ತೆಂಟು. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟುಗಳ ನಡುವೆ ಬಾಳಿ ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಜೊತೆಯವರು ಬೆಳ್ಳಿ ಗಣಪತಿ ಕೊಟ್ಟರೆ, "ಒಂದು ಒಳ್ಳೇ ಜಾಕ್ ಕೊಟ್ಟಿದ್ರೆ ಉಪಯೋಗಕ್ಕೆ ಬರ್ತಿತ್ತು" ಎಂದರಂತೆ! ಈಗ ದಟ್ಟಗಳ್ಳಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದಾರೆ. ಹೋದ ತಿಂಗಳು ನನ್ನ ಅಮ್ಮನ, ಅಂದರೆ ಅವರ ಅಕ್ಕನ, ಕುತ್ತಿಗೆಯ ಗಂಟಿನ ರಿಪೋರ್ಟು ಕೇಳಲು ಹೊರಟ ದಿನ ಈ ಐದನೆಯ ಚಕ್ರ ನಮ್ಮ ಪ್ರಾಣ ಹಿಂಡಿಬಿಟ್ಟಿತು. ನಾನು ನಗುನಗುತ್ತಾ ಬರೆಯುತ್ತಿದ್ದೇನೆ ಅಂದಮೇಲೆ ನೀವು ಗಾಬರಿಯಾಗಬೇಕಿಲ್ಲ. ಆದರೆ ಆ ದಿನಕ್ಕೆ ಬರುವ ಮೊದಲು ಈ ಮುದ್ದಿನ ಮಗನ ಪರಿಚಯ ಆಗಲೇಬೇಕು.

ಸ್ಟೆಪ್ನಿ ಇರುವುದು ಯಾತಕ್ಕೆ? ಒಂದು ಚಕ್ರ ಪಂಕ್ಚರಾದರೆ ಅದರ ಜಾಗಕ್ಕೆ ಹಾಕುವುದಕ್ಕೆ. ಹೀಗೆಂದು ನೀವೂ ನಾನೂ ತಿಳಿದಿದ್ದೇವೆ. ಮಾವನ ಶಾಸ್ತ್ರ ಬೇರೆ.

"ಸ್ಟೆಪ್ನಿ ಇಲ್ದೇ ಗಾಡಿ ಓಡಿಸಬಾರದು. ಒಪ್ತೀಯೇನೋ?"

"ಒಪ್ತೀನಿ ಮಾವ."

"ಸ್ಟೆಪ್ನೀನ ತೆಗೆದು ಹಾಕ್ಬುಟ್ರೆ ಆಮೇಲೆ ಗಾಡೀಲಿ ಸ್ಟೆಪ್ನಿ ಇರುತ್ತಾ?"

"ಇರಲ್ಲ."

"ಅದಕ್ಕೇ ಹಾಕಬಾರದು!"

ಇದಕ್ಕೆ ಯಾವ ನ್ಯಾಯಾಲಯದಲ್ಲಿ ಮೇಲ್ಮನವಿ ಸಲ್ಲಿಸುತ್ತೀರಿ? ಆಪತ್ತಿಗಾದವನೇ ನೆಂಟ ಎನ್ನುತ್ತಾರೆ. ಈ ನೆಂಟನನ್ನು ಎಬ್ಬಿಸಬೇಕಾದಂಥ ಆಪತ್ತು ಮಾತ್ರ ಹನ್ನೆರಡು ವರ್ಷದಲ್ಲಿ ಒಂದೂ ಬರಲಿಲ್ಲ, ಮಾವನ ಲೆಕ್ಕದಲ್ಲಿ. ಪಂಕ್ಚರು ಬೇಕಾದಷ್ಟು ಬಂದವು. ಒಮ್ಮೆ ನಂಜನಗೂಡಿಗೆ ಹೋಗುವಾಗ ಮುಂದಿನ ಎಡಚಕ್ರ ಉಸ್ಸೆಂದಿತು. ಎಂಟು ಜನ ಮಡಿಯುಟ್ಟು ಹೊರಟವರು ರಸ್ತೆ ಬದಿಯ ಮರದಡಿ ಕೂತೆವು. ಸ್ಟೆಪ್ನಿ ಹಿಂದಿನ ಸೀಟಿಗೆ ಒರಗಿಕೊಂಡು, ಅತ್ತೆ ಸೋಫಾ ಬಟ್ಟೆಯ ಚೂರಿನಲ್ಲಿ ಹೊಲಿದುಕೊಟ್ಟ ಗೌನು ತೊಟ್ಟು, ನಮಗಿಂತ ತಂಪಾಗಿ ಕೂತಿತ್ತು. ಮಾವ ಪಂಕ್ಚರಾದ ಚಕ್ರ ಬಿಚ್ಚಿ, ಎದುರಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ, ಚಕ್ರ ಸಮೇತ ಹತ್ತಿಬಿಟ್ಟರು!

"ರೀ ಯಜಮಾನ್ರೇ, ಇದಕ್ಕೆ ಲಗೇಜ್ ಟಿಕೆಟ್ಟಾಯ್ತದೆ" ಎಂದನಂತೆ ಕಂಡಕ್ಟರು.

"ತೊಡೆ ಮೇಲೆ ಕೂರಿಸ್ಕೋತೀನಿ ಕಣಪ್ಪ. ಇನ್ನೂ ಐದು ತುಂಬಿಲ್ಲ" ಎಂದರಂತೆ ಮಾವ. ಟೈರು ಹಾಕಿಸಿ ನಾಲ್ಕೇ ವರ್ಷವಾಗಿದ್ದರಿಂದ ಅದೂ ಸುಳ್ಳಲ್ಲ!

ಇನ್ನು ಆಯುಧಪೂಜೆ. ಊರಿನವರೆಲ್ಲ ಗಾಡಿ ತೊಳೆದು, ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಮುಗಿಸುತ್ತಾರೆ. ಮಾವ ಹಿಂದಿನ ದಿನವೇ ವ್ಯಾನನ್ನು ಸೈಜುಗಲ್ಲಿನ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರ ಬಿಚ್ಚುತ್ತಾರೆ. ಅಂಗಳದಲ್ಲಿ ಸಾಲಾಗಿ ಮಲಗಿಸಿ ಸೀಗೆಪುಡಿ ಹಾಕಿ ಉಜ್ಜಿ ಬಿಸಿನೀರು ಹೊಯ್ಯುತ್ತಾರೆ. ಆಮೇಲೆ ಒಂದೊಂದು ನಟ್ಟಿಗೂ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ತಟ್ಟೆಯಲ್ಲಿ ತುಂಬಿ ದೇವರ ಮುಂದಿಡುತ್ತಾರೆ. ಒಂದು ವರ್ಷ ಪೂಜೆಯೆಲ್ಲ ಮುಗಿದು ಚಕ್ರ ಕೂರಿಸಲು ನೋಡಿದರೆ ಒಂದು ನಟ್ಟು ಕಡಿಮೆ. ಮಾವ ದೇವರ ಮನೆಯನ್ನು ಬುಡಮೇಲು ಮಾಡಿದರು. ಅತ್ತೆಯ ಮೇಲೆ ಗುಮಾನಿ ಪಟ್ಟರು. ಅತ್ತೆ ದೇವರ ಮೇಲೆ ಆಣೆ ಇಟ್ಟರು. ಸಂಜೆ ಎದುರು ಮನೆಯವರು ಬಾಯಿ ಹಿಡಿದುಕೊಂಡು ಬಂದರು.

"ಪ್ರಸಾದದ ಕಡ್ಲೆಪುರಿ ತುಂಬಾ ಚೆನ್ನಾಗಿತ್ತು ಸಾರ್. ಬೆಲ್ಲದಚ್ಚು ಮಾತ್ರ ಸ್ವಲ್ಪ ಗಟ್ಟಿ" ಎಂದು ಕುಂಕುಮ ಮೆತ್ತಿದ್ದ ನಟ್ಟನ್ನು ಮಾವನ ಕೈಗಿಟ್ಟರು!

ಅವರ ಹಲ್ಲಿನ ಗತಿ ಏನಾಯಿತೆಂದು ಕೇಳುವ ಸೌಜನ್ಯ ಮಾವನಿಗಿರಲಿಲ್ಲ. ನಟ್ಟಿನ ತಿರುಪಿನ ಗೆರೆ ಸವೆದಿದೆಯೇನೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಂದೂ ದೊಡ್ಡ ಹಾರ ಬಿದ್ದದ್ದು ಸ್ಟೆಪ್ನಿಗೇ. ಅದರ ನಿಂಬೆಹಣ್ಣನ್ನು ಜಜ್ಜುವಂತಿಲ್ಲ, ಸುಮ್ಮನೆ ಮುಟ್ಟಿಸಿ ಪಕ್ಕಕ್ಕಿಡಬೇಕು, ಮಗುವಿಗೆ ಗಾಬರಿಯಾಗಬಾರದಲ್ಲ!

ಈಗ ಆ ದಿನಕ್ಕೆ ಬರುತ್ತೇನೆ. ಅಮ್ಮನ ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟೊಂದು ಕಾಣಿಸಿಕೊಂಡಿತ್ತು. ಸೂಜಿ ಹಾಕಿ ಅದರಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕೆಟ್ಟದ್ದೋ ಅಲ್ಲವೋ ಎಂದು ಹೇಳುವ ಡಾಕ್ಟರು ಮಧ್ಯಾಹ್ನ ಒಂದರವರೆಗೆ ಮಾತ್ರ ಸಿಗುತ್ತಿದ್ದರು, ಆಮೇಲೆ ಒಂದು ವಾರ ರಜೆ. ಅಂದರೆ ಅಂದು ತಪ್ಪಿದರೆ ಇನ್ನೊಂದು ವಾರ ಅನ್ನ ಸೇರದೆ, ನಿದ್ದೆ ಬಾರದೆ ಕಾಯಬೇಕು. ನಾನು ಟ್ಯಾಕ್ಸಿ ಕರೆಸುತ್ತೇನೆ ಎಂದೆ. "ಅಕ್ಕನ್ನ ಕಂಡೋರ ಗಾಡೀಲಿ ಕಳಿಸ್ತೀನೇನೋ ನಾನು?" ಎಂದು ಮಾವ ಹತ್ತೂವರೆಗೇ ವ್ಯಾನು ತಂದು ನಿಲ್ಲಿಸಿದರು.

ರಿಂಗ್ ರಸ್ತೆಗೆ ಬಂದು ಐದು ನಿಮಿಷವಾಗಿರಲಿಲ್ಲ. ವ್ಯಾನು ಎಡಕ್ಕೆ ಎಳೆಯಿತು, ಕುಂಟಿತು, ನಿಂತಿತು. ಹಿಂದಿನ ಎಡಚಕ್ರ ನೆಲ ಕಚ್ಚಿತ್ತು. ನಾನು ಹಲ್ಲು ಕಚ್ಚಿಕೊಂಡು ಬಸ್ಸು ಬರುತ್ತದೇನೋ ಎಂದು ನೋಡಿದೆ. ಆದರೆ ಮಾವ ಹಿಂದಿನ ಬಾಗಿಲು ತೆರೆದು, ಸ್ಟೆಪ್ನಿಯ ಗೌನು ಬಿಚ್ಚಿದರು!

ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಚಕ್ರ ರಸ್ತೆಯನ್ನು ಕಾಣುತ್ತಿತ್ತು. ಮಾವ ಜಾಕೇರಿಸಿ, ಹಳೆಯದನ್ನು ಬಿಚ್ಚಿ, ಸ್ಟೆಪ್ನಿ ಕೂರಿಸಿ, ನಟ್ಟು ಬಿಗಿದು, ಜಾಕಿಳಿಸಿದರು. ವ್ಯಾನು ಇಳಿಯಿತು. ಇಳಿಯುತ್ತಲೇ ಹೋಯಿತು. ಸ್ಟೆಪ್ನಿ ಅರಿಶಿನ ಕುಂಕುಮ ಸಮೇತ ನೆಲಕ್ಕೆ ಚಪ್ಪಟೆಯಾಗಿ ಕೂತಿತು. ಅದರಲ್ಲಿ ಒಂದು ಗುಟುಕು ಗಾಳಿಯೂ ಇರಲಿಲ್ಲ. ಕೂತು ಕೂತೇ ರಬ್ಬರು ಬಿರಿದಿತ್ತು.

"ಇದಕ್ಕೆ ಗಾಳಿ ಹಾಕಿಸಿದ್ದು ಯಾವಾಗ ಮಾವ?" ಎಂದು ಅರಚಿದೆ.

ಮಾವ ಕಂಗಾಲಾಗಿ, "ಗಾಳಿ ಎಂಗೆ ಖಾಲಿಯಾಯ್ತದೋ? ಇದನ್ನ ಬಳಸೇ ಇಲ್ವಲ್ಲ!" ಎಂದರು.

ಹನ್ನೆರಡು ಆಯುಧಪೂಜೆ, ಹನ್ನೆರಡು ಹಾರ, ಹನ್ನೆರಡು ಮಂಗಳಾರತಿ. ಗಾಳಿ ಹಾಕಿಸಬೇಕೆಂದು ಒಂದು ಸಲವೂ ಯಾರಿಗೂ ತೋಚಿರಲಿಲ್ಲ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಕುತ್ತಿಗೆಯ ಪಟ್ಟಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾವ ನಗಲಿಲ್ಲ. ಪಂಕ್ಚರಾದ ಚಕ್ರವನ್ನೇ ಉರುಳಿಸಿಕೊಂಡು, "ನೀನು ಅಕ್ಕನ ಹತ್ರ ಇರು" ಎಂದು ಮುಂದಿನ ಸರ್ಕಲ್ಲಿನಲ್ಲಿದ್ದ ಪಂಕ್ಚರ್ ಅಂಗಡಿಯ ಕಡೆ ಹೊರಟರು.

ನಾನು ಆಟೋ ನಿಲ್ಲಿಸಿದೆ. ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಕೂತಿದ್ದ ಅಮ್ಮ ಏಳಲೇ ಇಲ್ಲ.

"ಅವನ್ನ ಬುಟ್ಬುಟ್ಟು ನಾನು ಬರಲ್ಲ ಕಣಪ್ಪ. ವಾಪಸ್ ಬಂದು ನಾನಿಲ್ದೇ ಇದ್ರೆ ಅವನು ಹೆದರ್ಕೋತಾನೆ."

"ಅವರಿಗೆ ಅರವತ್ತೆಂಟು ವರ್ಷ ಅಮ್ಮ!"

"ಹೂಂ. ಆದ್ರೇನೀಗ?"

ಆಟೋದವನು ಗೊಣಗಿಕೊಂಡು ಹೋದ. ಹನ್ನೊಂದೂವರೆಯಾಯಿತು, ಹನ್ನೆರಡಾಯಿತು. ಮಾವನ ಫೋನು ವ್ಯಾನಿನಲ್ಲೇ ಬಡಿದುಕೊಳ್ಳುತ್ತಿತ್ತು. ಒಂದು ಪಂಕ್ಚರಿಗೆ ಇಷ್ಟು ಹೊತ್ತೇ? ಆ ಚಕ್ರಕ್ಕೆ ಜಾತಕ ಬರೆಸುತ್ತಿದ್ದಾರೇನು? ಅಂಗಡಿಗೆ ಹೋಗಿ ನಾಲ್ಕು ಮಾತು ಅಂದೇಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ದಾಪುಗಾಲು ಹಾಕಿದೆ.

ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಮಾವ ಕೂತಿದ್ದರು. ಚಕ್ರ ಕಾಲ ಬಳಿ ಗಾಳಿ ತುಂಬಿಕೊಂಡು ನಿಂತಿತ್ತು.

"ಆಗ್ಲೇ ರೆಡಿ ಆಯ್ತು ಸಾರ್" ಎಂದ ಅಂಗಡಿಯವನು ನನ್ನ ಕಡೆ ತಿರುಗಿ. "ಅರ್ಧ ಗಂಟೆಯಿಂದ ಇವರು ಎದ್ದೇಳ್ತಾನೇ ಇಲ್ಲ. ನೀರು ಕೊಟ್ರೂ ಬೇಡ ಅಂದ್ರು."

ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟು, "ಮಾವ, ಹೊತ್ತಾಯ್ತು" ಎಂದೆ ಮೆತ್ತಗೆ.

"ಇನ್ನೈದು ನಿಮಿಷ ಕಣೋ" ಎಂದರು ನನ್ನ ಕಡೆ ನೋಡದೆ. "ಅಲ್ಲಿಗೆ ಹೋಗೋ ತನಕ ಅಕ್ಕಂಗೆ ಏನೂ ಆಗಿಲ್ಲ ತಾನೇ? ಆ ಡಾಕ್ಟ್ರು ಬಾಯಿ ಬಿಟ್ಟ ಮೇಲೆ... ನಮ್ಮವ್ವ ಹೋದಾಗ ನಂಗೆ ನಾಲ್ಕು ವರ್ಷ. ಅವಳಿಗೆ ಹತ್ತು. ಸೊಂಟದಿಂದ ಕೆಳಕ್ಕೆ ಬುಡಲಿಲ್ಲ ಕಣೋ ನನ್ನ. ಇಸ್ಕೂಲಿಗೂ ಹೊತ್ಕೊಂಡೇ ಹೋಗೋಳು."

ನಾನು ಇನ್ನೊಂದು ಸ್ಟೂಲು ಎಳೆದು ಅವರ ಪಕ್ಕ ಕೂತೆ. ಕೇಳಿದ ಐದು ನಿಮಿಷ ಕೊಟ್ಟೆ. ಆಮೇಲೆ ಇಬ್ಬರೂ ಎದ್ದು, ಚಕ್ರವನ್ನು ನಡುವೆ ಉರುಳಿಸಿಕೊಂಡು ಹೊರಟೆವು.

ಆಸ್ಪತ್ರೆ ತಲುಪಿದಾಗ ಒಂದಕ್ಕೆ ಹತ್ತು ನಿಮಿಷ ಬಾಕಿ. ಮಾವ ಒಳಗೆ ಬರಲಿಲ್ಲ. "ನಟ್ಟು ಸರಿಯಾಗಿ ಬಿಗಿಯಾಗಿಲ್ಲ, ನೀವು ನಡೀರಿ" ಎಂದು ಸ್ಪ್ಯಾನರ್ ತೆಗೆದರು. ಡಾಕ್ಟರು ರಿಪೋರ್ಟನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಕನ್ನಡಕ ತೆಗೆದು, ನಕ್ಕರು. ಸಾಧಾರಣ ಗಂಟು, ಹೆದರುವಂಥದ್ದೇನಿಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು! ನನ್ನ ಎದೆಯ ಮೇಲಿಂದ ಯಾರೋ ಜಾಕ್ ಇಳಿಸಿದಂತಾಯಿತು. ಅಲ್ಲೇ ಡಾಕ್ಟರ ಕಾಲಿಗೆ ಬೀಳೋಣವೆನ್ನಿಸಿತು. ಅಮ್ಮ ಮಾತ್ರ ಒಂದು ನಮಸ್ಕಾರ ಹಾಕಿ ಸರಸರನೆ ಹೊರಗೆ ನಡೆದಳು.

ಮಾವ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಗಿದ ನಟ್ಟನ್ನೇ ಬಿಗಿಯುತ್ತಿದ್ದರು. ನಮ್ಮ ಕಾಲುಗಳು ಕಂಡರೂ ತಲೆ ಎತ್ತಲಿಲ್ಲ.

"ಏನೂ ಇಲ್ವಂತೆ ಕಣೋ" ಎಂದಳು ಅಮ್ಮ.

ಸ್ಪ್ಯಾನರ್ ನಿಂತಿತು. ಮಾವ ಹಣೆಯನ್ನು ಆ ಧೂಳು ಹಿಡಿದ ಟೈರಿಗೆ ಆನಿಸಿದರು. ಬೆನ್ನು ಅಲುಗತೊಡಗಿತು. ಅಮ್ಮ ಪಕ್ಕದಲ್ಲೇ ಬಗ್ಗಿ ಅವರ ನರೆತ ತಲೆಯ ಮೇಲೆ ಕೈಯಿಟ್ಟಳು. ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೆ. ಅಷ್ಟೇ ಪ್ರೀತಿಸುತ್ತಿದ್ದೆ ಎಂದು ಗೊತ್ತಾದದ್ದು ಆ ಗಳಿಗೆಯಲ್ಲಿ.

ಅಷ್ಟರಲ್ಲಿ ಸೆಕ್ಯುರಿಟಿಯವನು ಸೀಟಿ ಊದಿಕೊಂಡು ಬಂದ. "ಇಲ್ಲಿ ನಿಲ್ಲಿಸಂಗಿಲ್ಲ, ಗಾಡಿ ತೆಗೀರಿ, ತೆಗೀರಿ!"

ಅಮ್ಮ ತಲೆಯ ಮೇಲಿನ ಕೈ ತೆಗೆಯದೆ ಅವನ ಕಡೆ ತಿರುಗಿ ಹೇಳಿದಳು: "ಸ್ವಲ್ಪ ತಡಿಯಪ್ಪ. ನಮ್ಮ ಹುಡುಗ ಅಳ್ತಾ ಇದ್ದಾನೆ."